ಬಿಗಿಯಾದ ಚಾವಿಗೆ ಎಣ್ಣೆ ಬಿಡುವ ಮೊದಲು

ಪ್ರಶ್ನೆ: ನಾನು ಬ್ಯಾಡಗಿಯವನು, ಮೆಣಸಿನಕಾಯಿ ದಲಾಲಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಅಪ್ಪ ಕಟ್ಟುತ್ತಿದ್ದ ಎಚ್‌ಎಂಟಿ ಜನತಾ ವಾಚನ್ನು ಮೂರು ವರ್ಷದಿಂದ ನಾನು ಕಟ್ಟುತ್ತಿದ್ದೇನೆ. ಟೈಮ್ ಸರಿಯಾಗಿಯೇ ತೋರಿಸುತ್ತದೆ. ಆದರೆ ಸೀಜನ್ ಶುರುವಾದ ಮೇಲೆ ಚಾವಿ ಕೊಡುವುದು ಬಹಳ ಕಷ್ಟವಾಗಿದೆ, ಬೆರಳ ತುದಿ ಕೆಂಪಾಗುತ್ತದೆ. ಹಿಂದಕ್ಕೆ ತಿರುಗಿಸಿದರೂ ಅಷ್ಟೇ ಬಿಗಿ. ಎಳೆದು ಮುಳ್ಳು ತಿರುಗಿಸಿದರೂ ಬಿಗಿ. ಹೊಲಿಗೆ ಮಷಿನ್ ಎಣ್ಣೆ ಒಂದು ಹನಿ ಬಿಡು ಎಂದು ಒಬ್ಬರು, ಕೊಬ್ಬರಿ ಎಣ್ಣೆ ಸಾಕು ಎಂದು ಇನ್ನೊಬ್ಬರು ಹೇಳಿದರು. ಇನ್ನೂ ಏನೂ ಹಾಕಿಲ್ಲ. ಏನು ಮಾಡಲಿ?

ಉತ್ತರ: ಏನೂ ಹಾಕಿಲ್ಲ ಅಂದಿರಲ್ಲ, ಅದೇ ಒಳ್ಳೆಯದಾಯಿತು. ಇನ್ನೂ ಹಾಕಬೇಡಿ. ನಿಮ್ಮ ವಾಚ್ ಕೆಟ್ಟಿಲ್ಲ ಅಂತ ನನಗೆ ಅನಿಸುತ್ತಿದೆ. ಹಾಗೆ ಅನ್ನಲು ಕಾರಣ ನೀವೇ ಬರೆದ ಒಂದು ಮಾತು: ಹಿಂದಕ್ಕೆ ತಿರುಗಿಸಿದರೂ ಬಿಗಿ.

ನಾನು ಹುಬ್ಬಳ್ಳಿಯಲ್ಲಿ ಗಡಿಯಾರ ರಿಪೇರಿ ಮಾಡುವವನು. ಚಾವಿ ಬಿಗಿ ಅಂತ ಬರುವವರಲ್ಲಿ ಹತ್ತರಲ್ಲಿ ಒಬ್ಬರೂ ಈ ಮಾತನ್ನು ತಾವಾಗಿ ಹೇಳುವುದಿಲ್ಲ, ನಾನೇ ಕೇಳಬೇಕು. ಚಾವಿಯನ್ನು, ಅಂದರೆ ವಾಚಿನ ಪಕ್ಕದ ಪುಟ್ಟ ಗುಂಡಿಯನ್ನು, ಒಳಗೆ ಒತ್ತಿಟ್ಟು ಮುಂದಕ್ಕೆ ತಿರುಗಿಸಿದಾಗ ಸ್ಪ್ರಿಂಗ್ ಸುತ್ತಿಕೊಳ್ಳುತ್ತದೆ. ಅದೇ ಚಾವಿಯನ್ನು ಹಿಂದಕ್ಕೆ ತಿರುಗಿಸಿದರೆ ಸ್ಪ್ರಿಂಗಿಗೂ ಅದಕ್ಕೂ ಸಂಬಂಧವೇ ಇರುವುದಿಲ್ಲ. ಚಾವಿಯಿಂದ ಒಳಗೆ ಹೋಗುವ ಕಡ್ಡಿಯ ಮೇಲೆ ಎರಡು ಪುಟ್ಟ ಹಲ್ಲುಗಾಲಿಗಳಿವೆ, ಎದುರು ಬದುರು ಕೂತಿರುತ್ತವೆ, ಗರಗಸದಂತೆ ಒಂದೇ ಕಡೆ ಓರೆಯಾದ ಹಲ್ಲು ಅವಕ್ಕೆ. ಮುಂದಕ್ಕೆ ತಿರುಗಿಸಿದರೆ ಹಲ್ಲಿಗೆ ಹಲ್ಲು ಸಿಕ್ಕಿ ಕೆಲಸ ನಡೆಯುತ್ತದೆ, ಹಿಂದಕ್ಕೆ ತಿರುಗಿಸಿದರೆ ಒಂದರ ಮೇಲೊಂದು ಜಾರಿ ಸುಮ್ನೆ ಚಿರ್ ಚಿರ್ ಅನ್ನುತ್ತವೆ. ಅಂದರೆ ಹಿಂದಕ್ಕೆ ತಿರುಗಿಸುವಾಗ ಬೆರಳಿಗೆ ಭಾರವೇ ಹತ್ತಬಾರದು. ನಿಮಗೆ ಹತ್ತುತ್ತಿದೆ. ಹಾಗಾದರೆ ಬಿಗಿ ಇರುವುದು ಸ್ಪ್ರಿಂಗಿನಲ್ಲಿ ಅಲ್ಲ, ಅದರ ಪಕ್ಕದ ಗಾಲಿಗಳಲ್ಲೂ ಅಲ್ಲ. ಎಳೆದು ಮುಳ್ಳು ತಿರುಗಿಸುವಾಗ ಬೇರೆಯೇ ಗಾಲಿಗಳು ಓಡುತ್ತವೆ, ಆಗಲೂ ಬಿಗಿ ಅಂದಿರಿ. ಮೂರೂ ಕಡೆ ಸಮವಾಗಿ ಇರುವ ವಸ್ತು ಯಾವುದು ಹೇಳಿ? ಚಾವಿ, ಅದರ ಕಡ್ಡಿ, ಕಡ್ಡಿ ಒಳಗೆ ಹೋಗುವ ಕೇಸಿನ ಸಣ್ಣ ಕೊಳವೆ. ಇಷ್ಟೇ. ಕೊಳೆ ಕೂತಿರುವುದು ಅಲ್ಲೇ.

ಇದನ್ನು ನಾನು ಮೊದಲೇ ಬಿಡಿಸಿ ಹೇಳುತ್ತಿರುವುದಕ್ಕೆ ಕಾರಣವಿದೆ. ಚಾವಿ ಬಿಗಿಯಾಯಿತು ಅಂದ ಕೂಡಲೇ ಎಲ್ಲರ ಕೈ ಎಣ್ಣೆ ಬಾಟಲಿಗೆ ಹೋಗುತ್ತದೆ. ಬಾಗಿಲ ತಿರುಗಣಿ ಕಿರುಗುಟ್ಟಿದರೆ ಎಣ್ಣೆ, ಬಾವಿಯ ಗಾಲಿಗೆ ಎಣ್ಣೆ, ಸೈಕಲ್ ಚೈನಿಗೆ ಎಣ್ಣೆ. ಅದೇ ರೂಢಿ ವಾಚಿಗೂ ಬರುತ್ತದೆ. ಆದರೆ ಚಾವಿಯ ಬುಡಕ್ಕೆ ಹೊರಗಿನಿಂದ ಬಿಟ್ಟ ಹನಿ ಅಲ್ಲೇ ನಿಲ್ಲುವುದಿಲ್ಲ. ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆ ಎಳೆದುಕೊಳ್ಳುತ್ತದಲ್ಲ, ಹಾಗೆ ಕಡ್ಡಿಗೂ ಕೊಳವೆಗೂ ನಡುವಿನ ಕೂದಲೆಳೆಯಷ್ಟು ಜಾಗ ಆ ಹನಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಹೋಗುವಾಗ ಅಲ್ಲಿದ್ದ ಧೂಳನ್ನೂ ಕರೆದುಕೊಂಡು ಹೋಗುತ್ತದೆ. ಎರಡು ದಿನ ಚಾವಿ ಹಗುರಾಗುತ್ತದೆ, ನೀವು ಖುಷಿ ಪಡುತ್ತೀರಿ. ಆಮೇಲೆ ಡಯಲ್ ಅಂಚಿನಲ್ಲಿ ಹಳದಿ ಕಲೆ ಕಾಣಿಸುತ್ತದೆ. ಅಥವಾ ಅದಕ್ಕಿಂತ ಕೆಟ್ಟದ್ದು, ಎಣ್ಣೆ ಟೈಮ್ ಹಿಡಿಯುವ ಕೂದಲಿನಷ್ಟು ತೆಳು ಸುರುಳಿಯಾದ ಹೇರ್‌ಸ್ಪ್ರಿಂಗ್‌ವರೆಗೆ ಹೋಗುತ್ತದೆ.

ಈ ಕೆಟ್ಟದ್ದು ನನ್ನ ಕೈಯಿಂದಲೇ ಆಗಿದೆ. ಕೆಲಸ ಕಲಿಯುತ್ತಿದ್ದಾಗ ಒಬ್ಬರ ವಾಚಿನ ಚಾವಿಗೆ ಹೊರಗಿನಿಂದಲೇ ಎಣ್ಣೆ ಮುಟ್ಟಿಸಿ ಕಳಿಸಿದ್ದೆ. ವಾರದೊಳಗೆ ಅವರು ವಾಪಸ್ ಬಂದರು, ವಾಚ್ ಗಂಟೆಗೆ ಐದಾರು ನಿಮಿಷ ಮುಂದೆ ಓಡುತ್ತಿತ್ತು. ಬಿಚ್ಚಿ ನೋಡಿದರೆ ಹೇರ್‌ಸ್ಪ್ರಿಂಗಿನ ಎರಡು ಸುತ್ತು ಎಣ್ಣೆ ಹತ್ತಿ ಒಂದಕ್ಕೊಂದು ಅಂಟಿಕೊಂಡಿದ್ದವು. ಸುತ್ತು ಅಂಟಿದರೆ ಸ್ಪ್ರಿಂಗ್ ಗಿಡ್ಡವಾದಂತೆ, ಗಿಡ್ಡ ಸ್ಪ್ರಿಂಗ್ ಬ್ಯಾಲೆನ್ಸ್ ಚಕ್ರವನ್ನು, ಅಂದರೆ ಹಿಂದೆ ಮುಂದೆ ಓಲಾಡಿ ಟೈಮ್ ಅಳೆಯುವ ಚಕ್ರವನ್ನು, ಬೇಗ ಬೇಗ ತಿರುಗಿಸುತ್ತದೆ. ಇಡೀ ಮಷಿನ್ ಬಿಚ್ಚಿ ತೊಳೆಯಬೇಕಾಯಿತು. ಅವರದೂ ತಂದೆಯ ವಾಚೇ. ಅವತ್ತಿನಿಂದ ಹೊರಗಿನಿಂದ ಎಣ್ಣೆ ಮುಟ್ಟಿಸಿಲ್ಲ.

ಇನ್ನು ಆ ಎರಡು ಎಣ್ಣೆಗಳ ಮಾತು. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ನಮ್ಮ ಕಡೆ ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿಟ್ಟ ಬಾಟಲಿ ನೋಡಿದ್ದೀರಲ್ಲ, ಬೆಳ್ಳಗೆ ಗಟ್ಟಿಯಾಗಿ ಕೂತಿರುತ್ತದೆ, ತಲೆಗೆ ಹಚ್ಚಲು ಬಿಸಿ ಮಾಡಬೇಕು. ಅದೇ ವಾಚಿನೊಳಗೂ ಆಗುತ್ತದೆ. ಬೇಸಿಗೆಯಲ್ಲಿ ಕರಗಿ ಹರಿಯುತ್ತದೆ, ಹಳೆಯದಾದಂತೆ ಕಮಟು ಹಿಡಿದು ಅಂಟಾಗುತ್ತದೆ. ಹೊಲಿಗೆ ಮಷಿನ್ ಎಣ್ಣೆಯದು ಬೇರೆ ತೊಂದರೆ. ಅದು ಒಳ್ಳೆಯ ಎಣ್ಣೆಯೇ, ಆದರೆ ಮತ್ತೆ ಮತ್ತೆ ಹಾಕುವ ಯಂತ್ರಕ್ಕೆ ಮಾಡಿದ್ದು. ಗದಗ-ಬೆಟಗೇರಿಯಲ್ಲಿ ಮಗ್ಗ ನೇಯುವವರನ್ನು ಕೇಳಿ, ಎಣ್ಣೆ ಡಬ್ಬಿ ಯಾವಾಗಲೂ ಕೈಗೆ ಸಿಗುವ ಹಾಗೆ ಇಟ್ಟುಕೊಂಡಿರುತ್ತಾರೆ. ವಾಚಿಗೆ ಎಣ್ಣೆ ಹಾಕುವುದು ನಾಲ್ಕೈದು ವರ್ಷಕ್ಕೊಮ್ಮೆ, ಅಷ್ಟು ವರ್ಷವೂ ಅದು ಇಟ್ಟ ಜಾಗದಲ್ಲೇ ಇರಬೇಕು. ಹರಡುವ ಎಣ್ಣೆ ಇದಕ್ಕೆ ಬಾರದು. ಬಾಟಲಿಯಲ್ಲಿ ಬರುವ ತುಕ್ಕು ಬಿಡಿಸುವ ಸ್ಪ್ರೇಯನ್ನಂತೂ ವಾಚಿನ ಹತ್ತಿರವೂ ತರಬೇಡಿ. ಸೀಮೆಎಣ್ಣೆಯೂ ಬೇಡ.

ಬ್ಯಾಡಗಿಯಿಂದ ಬರುವ ವಾಚುಗಳ ಕೊಳೆ ಬೇರೆ ಊರಿನದರಂತೆ ಇರುವುದಿಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ವಾಚಿನ ಚಾವಿಯಲ್ಲಿ ಎರೆ ಮಣ್ಣಿನ ನುಣುಪು ಧೂಳು ಇರುತ್ತದೆ, ಒಣಗಿರುತ್ತದೆ, ಬ್ರಷ್ ಆಡಿಸಿದರೆ ಉದುರುತ್ತದೆ. ಹತ್ತಿ ಜಿನ್ನಿನಲ್ಲಿ ಕೆಲಸ ಮಾಡುವವರದರಲ್ಲಿ ನೂಲಿನ ಎಳೆ ಕಡ್ಡಿಗೆ ಸುತ್ತಿಕೊಂಡಿರುತ್ತದೆ. ನಿಮ್ಮ ಊರಿನದು ಕೆಂಪು ಅಂಟು. ಬ್ಯಾಡಗಿ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ. ಆ ಬಣ್ಣ ಇರುವುದೇ ಕಾಯಿಯ ಎಣ್ಣೆಯಲ್ಲಿ, ಅದನ್ನು ಬೇರ್ಪಡಿಸಿ ತೆಗೆಯುವುದಕ್ಕೇ ಕಾರ್ಖಾನೆಗಳವರು ಈ ಕಾಯಿ ಕೊಳ್ಳುತ್ತಾರೆ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಆ ಪುಡಿ, ಕೈ ಬೆವರು, ಮೈ ಜಿಡ್ಡು ಮೂರೂ ಸೇರಿದರೆ ಕೊಳವೆಯೊಳಗೆ ಮೇಣದ ಹಾಗೆ ಕೂರುತ್ತದೆ. ಸೀಜನ್ ಶುರುವಾದ ಮೇಲೆ ಬಿಗಿಯಾಯಿತು ಅಂತ ನೀವೇ ಬರೆದಿದ್ದೀರಿ. ಎಣ್ಣೆ ಒಣಗಿದ್ದರೆ ಸೀಜನ್ ನೋಡಿ ಒಣಗುತ್ತಿರಲಿಲ್ಲ.

ಹೋದ ವರ್ಷ ಅಂಥ ಒಂದು ಚಾವಿಯನ್ನು ನನ್ನ ಮೇಜಿನ ಮೇಲೆ ಬಿಚ್ಚಿದ್ದೆ, ಅದೂ ಜನತಾ ವಾಚೇ. ಕಣ್ಣಿಗೆ ಗಾಜು ಹಾಕಿಕೊಂಡು ನೋಡಿದೆ. ಚಾವಿಯ ಒಳಬಾಯಿಯಲ್ಲಿ, ಕೊಳವೆ ಬಂದು ಕೂರುವ ಉಂಗುರದಂಥ ಜಾಗದಲ್ಲಿ, ಕಂದು ಬಣ್ಣದ ಗಟ್ಟಿ ಪದರ. ಚೂಪು ಮಾಡಿದ ಮರದ ಕಡ್ಡಿಯಿಂದ ಸುತ್ತಲೂ ಕೆರೆದೆ, ಬಳೆಯ ಚೂರಿನಂತೆ ಬಾಗಿದ ಒಂದು ತುಣುಕು ಎದ್ದು ಬಂತು, ಬಿಳಿ ಕಾಗದದ ಮೇಲೆ ಇಟ್ಟರೆ ಅದರ ಅಂಚು ಕೆಂಪಗಿತ್ತು. ಬೆರಳಲ್ಲಿ ತಿಕ್ಕಿದೆ, ಬಣ್ಣ ಹತ್ತಿತು. ಮೂಸಿದೆ, ಸಣ್ಣಗೆ ಘಾಟು. ಆ ಒಂದು ತುಣುಕು ಹೋದ ಮೇಲೆ ಚಾವಿ ಎರಡು ಬೆರಳಿಗೆ ಸರಾಗವಾಗಿ ತಿರುಗಿತು, ಇನ್ನೂ ಒಂದು ಹನಿ ಎಣ್ಣೆಯೂ ಮುಟ್ಟಿಸಿರಲಿಲ್ಲ.

ಹಾಗಾಗಿ ಮೊದಲು ಮನೆಯಲ್ಲಿ ಇಷ್ಟು ಮಾಡಿ. ವಾಚನ್ನು ಕೈಯಿಂದ ಬಿಚ್ಚಿ. ಚಾವಿ ಪೂರ್ತಿ ಒಳಗೆ ಒತ್ತಿರಲಿ. ಚಾವಿ ಕೆಳಮುಖವಾಗಿ ಇರುವ ಹಾಗೆ ಹಿಡಿದುಕೊಳ್ಳಿ, ಉದುರಿದ ಕೊಳೆ ಕೆಳಗೆ ಬೀಳಲಿ, ಒಳಗೆ ಹೋಗದಿರಲಿ. ಮೆತ್ತಗಿನ ಹಳೆಯ ಹಲ್ಲುಜ್ಜುವ ಬ್ರಷ್ ಚೆನ್ನಾಗಿ ಒಣಗಿರಬೇಕು, ಅದರಿಂದ ಚಾವಿಯ ಸುತ್ತ, ಅದರ ಗೀರುಗಳಲ್ಲಿ, ಚಾವಿಗೂ ಕೇಸಿಗೂ ನಡುವಿನ ಸಂದಿಯಲ್ಲಿ ಆಡಿಸಿ. ಆಮೇಲೆ ಬಿದಿರಿನ ಹಲ್ಲುಕಡ್ಡಿಯ ತುದಿಯನ್ನು ಚಪ್ಪಟೆ ಮಾಡಿಕೊಂಡು ಆ ಸಂದಿಯಲ್ಲಿ ಸುತ್ತಲೂ ಎಳೆಯಿರಿ. ಸೂಜಿ, ಪಿನ್ನು ಬೇಡ, ಗೀರು ಬೀಳುತ್ತದೆ. ಬಾಯಿಂದ ಊದಬೇಡಿ, ಉಸಿರಿನ ತೇವ ಒಳಗೆ ಹೋಗುತ್ತದೆ. ಆಮೇಲೆ ಹಿಂದಕ್ಕೆ ನಿಧಾನವಾಗಿ ಇಪ್ಪತ್ತು ಸುತ್ತು ತಿರುಗಿಸಿ, ಮತ್ತೆ ಬ್ರಷ್ ಆಡಿಸಿ. ಮುಂದಕ್ಕಲ್ಲ, ಹಿಂದಕ್ಕೆ. ಹಿಂದಕ್ಕೆ ತಿರುಗಿಸಿದರೆ ಸ್ಪ್ರಿಂಗಿಗೆ ಹೊರೆಯಿಲ್ಲ, ಕೊಳೆ ಮಾತ್ರ ಸಡಿಲಾಗುತ್ತದೆ. ಎರಡು ಮೂರು ದಿನ ಹೀಗೆ ಮಾಡಿದರೆ ಅರ್ಧಕ್ಕರ್ಧ ಜನರಿಗೆ ಚಾವಿ ಹಗುರಾಗುತ್ತದೆ.

ಆಗಲಿಲ್ಲ ಅಂದರೆ ಒತ್ತಾಯ ಮಾಡಬೇಡಿ, ಇಕ್ಕಳ ಹಾಕಿ ತಿರುಗಿಸಲೇಬೇಡಿ. ಚಾವಿಯ ಕಡ್ಡಿ ಒಂದು ಮಿಲಿಮೀಟರ್ ಆಸುಪಾಸು ದಪ್ಪ ಅಷ್ಟೇ. ಅದರಲ್ಲೂ ಒಂದು ಕಡೆ ಕಂಠ ಕೊರೆದಿರುತ್ತಾರೆ, ಲಿವರ್ ಹಿಡಿದುಕೊಳ್ಳಲು. ಅಲ್ಲೇ ಮುರಿಯುತ್ತದೆ, ಇಲ್ಲವೇ ಚಾವಿಯ ತಿರುಪಿನ ಬುಡದಲ್ಲಿ. ಆಗ ಬಿಚ್ಚಿಸಲೇಬೇಕು.

ಬಿಚ್ಚುವ ಕೆಲಸ ಹೇಗೆ ನಡೆಯಬೇಕು ಅಂತ ಹೇಳುತ್ತೇನೆ, ನೀವೇ ಮಾಡಿ ಅಂತಲ್ಲ, ಯಾರ ಕೈಗೆ ಕೊಡುತ್ತೀರೋ ಅವರನ್ನು ಕೇಳಲು ನಿಮಗೆ ಗೊತ್ತಿರಲಿ ಅಂತ. ಹಿಂದಿನ ಮುಚ್ಚಳ ತೆಗೆದ ಮೇಲೆ ಮೊದಲ ಕೆಲಸ ಸ್ಪ್ರಿಂಗಿನ ಬಲ ಇಳಿಸುವುದು. ಚಾವಿಯನ್ನು ಬೆರಳಲ್ಲಿ ಹಿಡಿದು, ಸ್ಪ್ರಿಂಗಿನ ಗಾಲಿಯನ್ನು ತಡೆದಿರುವ ಪುಟ್ಟ ಕೊಕ್ಕೆಯನ್ನು ಸರಿಸಿ, ಚಾವಿ ಬೆರಳ ನಡುವೆ ನಿಧಾನವಾಗಿ ಜಾರುವ ಹಾಗೆ ಬಿಡಬೇಕು. ಒಮ್ಮೆಲೇ ಬಿಟ್ಟರೆ ಸ್ಪ್ರಿಂಗ್ ರಪ್ಪನೆ ಬಿಚ್ಚಿ ಹಲ್ಲು ಮುರಿಯುತ್ತದೆ. ಆಮೇಲೆ ಕಡ್ಡಿ ಹೊರಗೆ ತೆಗೆಯುವುದು. ಕೆಲವು ಮಷಿನಿಗೆ ಒತ್ತುವ ಚುಕ್ಕೆ ಇರುತ್ತದೆ, ಹಳೆಯವಕ್ಕೆ ಬಹುತೇಕ ಸ್ಕ್ರೂ. ಆ ಸ್ಕ್ರೂವನ್ನು ಒಂದೆರಡು ಸುತ್ತು ಮಾತ್ರ ಸಡಿಲಿಸಬೇಕು. ಪೂರ್ತಿ ಬಿಚ್ಚಿದರೆ ಕೆಳಗಿನ ಲಿವರ್ ಡಯಲ್ ಅಡಿಯಲ್ಲಿ ಬಿದ್ದುಬಿಡುತ್ತದೆ, ಆಮೇಲೆ ಕಡ್ಡಿ ವಾಪಸ್ ಕೂರುವುದಿಲ್ಲ, ಮುಳ್ಳು ಡಯಲ್ ಎಲ್ಲಾ ತೆಗೆಯಬೇಕು. ಮನೆಯಲ್ಲಿ ಬಿಚ್ಚಿ ನೋಡಿದವರು ನನ್ನ ಹತ್ತಿರ ಬರುವುದು ಬಹುಪಾಲು ಈ ಒಂದು ತಪ್ಪಿಗೇ.

ಕಡ್ಡಿ ಹೊರಬಂದ ಮೇಲೆ ಮಷಿನನ್ನು ಕೇಸಿನಿಂದ ತೆಗೆದು, ಅದೇ ಕಡ್ಡಿಯನ್ನು ಬರಿಯ ಮಷಿನಿಗೆ ಮತ್ತೆ ಹಾಕಿ ತಿರುಗಿಸಿ ನೋಡಬೇಕು. ಇದನ್ನು ಎಷ್ಟೋ ಜನ ಮಾಡುವುದೇ ಇಲ್ಲ, ನಾನು ಮಾತ್ರ ಬಿಡುವುದಿಲ್ಲ. ಕೇಸಿಲ್ಲದೆ ಚಾವಿ ಹಗುರಾಗಿ ತಿರುಗಿತು ಅಂದರೆ ತಪ್ಪು ಕೊಳವೆಯದೇ, ಮಷಿನ್ ಮುಟ್ಟುವ ಅಗತ್ಯವೇ ಇಲ್ಲ. ಆಗಲೂ ಬಿಗಿ ಅಂದರೆ ಕಡ್ಡಿ ಬಾಗಿದೆ, ಇಲ್ಲವೇ ತುಕ್ಕು ಹಿಡಿದಿದೆ. ಮಳೆಯಲ್ಲಿ ನೆನೆದ ವಾಚಿನಲ್ಲಿ ತುಕ್ಕು ಮೊದಲು ಹಿಡಿಯುವುದೇ ಈ ಕಡ್ಡಿಗೆ. ಕೆಂಪು ಪುಡಿ ಕಂಡರೆ ಮೆಣಸಿನಕಾಯಿಯೋ ತುಕ್ಕೋ ಅಂತ ಗಾಜಿನಲ್ಲಿ ನೋಡಿಯೇ ಹೇಳಬೇಕು. ಕಡ್ಡಿಯ ಮೈ ತರಿತರಿಯಾಗಿದ್ದರೆ ತುಕ್ಕು, ಆಗ ಒಳಗೂ ನೋಡಬೇಕು.

ನಿಮ್ಮದು ಕೊಳವೆಯದೇ ಅಂತ ಇಟ್ಟುಕೊಳ್ಳೋಣ. ಬರಿಯ ಕೇಸನ್ನು ಮತ್ತು ಚಾವಿಯನ್ನು ಬೆಚ್ಚಗಿನ ಸೋಪು ನೀರಿನಲ್ಲಿ ಬ್ರಷ್ ಹಾಕಿ ತೊಳೆದು, ಕೊಳವೆಯೊಳಗೆ ಮರದ ಕಡ್ಡಿ ತಿರುಗಿಸಿ, ಪೂರ್ತಿ ಒಣಗಿಸಬೇಕು. ಬರಿಯ ಕೇಸು ಅಂದೆ, ನೆನಪಿರಲಿ, ಮಷಿನ್ ಒಳಗಿದ್ದಾಗ ನೀರು ಸೋಕಲೇಬಾರದು. ಚಾವಿಯೊಳಗೆ ರಬ್ಬರ್ ವಾಷರ್ ಇದ್ದರೆ ಪೆಟ್ರೋಲಿನಲ್ಲಿ ಅದ್ದಬಾರದು, ರಬ್ಬರ್ ಉಬ್ಬಿ ಮೊದಲಿಗಿಂತ ಬಿಗಿಯಾಗುತ್ತದೆ. ಹಳೆಯ ವಾಷರ್ ಗಟ್ಟಿಯಾಗಿ ಬಿರುಕು ಬಿಟ್ಟಿದ್ದರೆ ಬದಲಿಸಬೇಕು. ವಾಷರ್ ಇದ್ದರೆ ಅದಕ್ಕೆ ಸಿಲಿಕೋನ್ ಗ್ರೀಸ್, ಅದೂ ಹೊಳಪು ಕಾಣುವಷ್ಟು ಮಾತ್ರ. ಮುದ್ದೆ ಕಂಡರೆ ಜಾಸ್ತಿಯಾಯಿತು ಅಂತಲೇ ಅರ್ಥ, ಒರೆಸಿಬಿಡಬೇಕು, ಯಾಕಂದರೆ ಸಿಲಿಕೋನ್ ತೆವಳುತ್ತದೆ, ಮಷಿನಿಗೆ ಹೋಗಬಾರದು. ಕಡ್ಡಿಯ ಕಂಠಕ್ಕೆ, ಅದು ಮಷಿನಿನಲ್ಲಿ ಕೂರುವ ತುದಿಗೆ, ಆ ಎರಡು ಜಾರುವ ಹಲ್ಲುಗಾಲಿಗಳಿಗೆ ಬೇರೆ ಗ್ರೀಸ್. ನಾನು ಸ್ವಿಟ್ಜರ್ಲೆಂಡಿನ ಮೋಬಿಯಸ್ 8300 ಬಳಸುತ್ತೇನೆ. ಅದೇ ಕಂಪನಿಯ 9010 ತೆಳು ಎಣ್ಣೆ ಬೇಗ ಓಡುವ ಸಣ್ಣ ಭಾಗಗಳಿಗೆ, ಅದನ್ನು ಚಾವಿಗೆ ಹಾಕಿದರೆ ಹರಿದುಹೋಗುತ್ತದೆ, ಲೋಹಕ್ಕೆ ಲೋಹ ತಿಕ್ಕುತ್ತದೆ. ಎಣ್ಣೆ ಮುಟ್ಟಿಸುವ ಸೂಜಿಯ ತುದಿಯಲ್ಲಿ ಹಿಡಿದಷ್ಟು ಸಾಕು.

ನಿಮಗೆ ಸಂಬಂಧ ಇಲ್ಲದಿದ್ದರೂ ಬೇರೆಯವರಿಗೆ ಬೇಕಾಗಬಹುದು ಅಂತ ಎರಡು ಮಾತು. ಹಿಂದಕ್ಕೆ ಹಗುರ, ಮುಂದಕ್ಕೆ ಮಾತ್ರ ಭಾರ ಅಂದರೆ ಸ್ಪ್ರಿಂಗಿನ ಡಬ್ಬಿ, ಅದರ ಮೇಲಿನ ಗಾಲಿಗಳು ಒಣಗಿವೆ, ಆಗ ನಿಜವಾಗಿಯೂ ಪೂರ್ತಿ ಸರ್ವಿಸ್ ಬೇಕು. ಚಾವಿ ಕೊಡುವುದು ಹಗುರ, ಮುಳ್ಳು ತಿರುಗಿಸುವುದು ಮಾತ್ರ ಭಾರ ಅಂದರೆ ಡಯಲ್ ಅಡಿಯ ಗಾಲಿ ಬಿಗಿ. ಹೊಸ ಚಾವಿ ಹಾಕಿಸಿದ ಮೇಲೆ ಬಿಗಿಯಾಯಿತು ಅಂದರೆ ಅಳತೆ ತಪ್ಪಿದ ಚಾವಿ ಕೊಳವೆಗೆ ಉಜ್ಜುತ್ತಿದೆ, ಬದಲಿಸಿ ಅಂತ ಕೇಳಿ, ಹಕ್ಕಿನಿಂದ ಕೇಳಿ.

ಇನ್ನೊಂದು ತಪ್ಪು ತಿಳುವಳಿಕೆ ಹೋಗಬೇಕು. ಚಾವಿ ಜಾಸ್ತಿ ಕೊಟ್ಟು ವಾಚ್ ಕೆಟ್ಟಿತು ಅನ್ನುತ್ತಾರೆ. ಜನತಾದಂಥ ಕೈಯಿಂದ ಚಾವಿ ಕೊಡುವ ವಾಚಿನಲ್ಲಿ ಸ್ಪ್ರಿಂಗ್ ಪೂರ್ತಿ ಸುತ್ತಿದ ಮೇಲೆ ಚಾವಿ ತಾನೇ ನಿಲ್ಲುತ್ತದೆ. ಆ ನಿಲ್ಲುವಿಕೆ ಬೆರಳಿಗೆ ಸ್ಪಷ್ಟವಾಗಿ ಗೊತ್ತಾಗುತ್ತದೆ, ಅಲ್ಲಿಗೆ ಬಿಟ್ಟರೆ ಆಯಿತು. ನಿಮ್ಮ ಚಾವಿ ಈಗ ಮೊದಲ ಸುತ್ತಿನಿಂದಲೇ ಬಿಗಿ ಇರುವುದರಿಂದ ಆ ತುದಿ ನಿಮಗೆ ತಿಳಿಯುತ್ತಿಲ್ಲ. ಬಿಗಿಯ ಮೇಲೆ ಬಿಗಿ ತಿರುಗಿಸಿಬಿಡುವ ಅಪಾಯ ಇರುವುದು ಅಲ್ಲೇ. ಅದಕ್ಕೇ ಸರಿಯಾಗುವವರೆಗೆ ದಿನಕ್ಕೆ ಹದಿನೈದು ಸುತ್ತಿಗಿಂತ ಜಾಸ್ತಿ ಕೊಡಬೇಡಿ.

ಜನತಾ ಬಗ್ಗೆಯೂ ಒಂದು ಮಾತು ಹೇಳಬೇಕು ಅನಿಸುತ್ತದೆ. ಎಚ್‌ಎಂಟಿ ವಾಚ್ ಶುರುವಾದದ್ದು 1961ರಲ್ಲಿ, ಬೆಂಗಳೂರಿನಲ್ಲಿ, ಜಪಾನಿನ ಸಿಟಿಜನ್ ಕಂಪನಿಯಿಂದ ಕೆಲಸ ಕಲಿತು. ಆಮೇಲೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ನಿಮ್ಮ ಅಪ್ಪನ ವಾಚಿನ ಬ್ಯಾಲೆನ್ಸ್ ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4 ಲಕ್ಷ 32 ಸಾವಿರ ಸಲ. ಅಷ್ಟು ಬಡಿದೂ ಇವತ್ತು ಟೈಮ್ ಸರಿ ತೋರಿಸುತ್ತಿದೆ ಅಂತ ನೀವು ಬರೆದಾಗ ನನಗೆ ನಿಜಕ್ಕೂ ಸಂತೋಷವಾಯಿತು. ವಾಚ್ ಕಂಪನಿ ಮುಚ್ಚಲು 2016ರಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು, ಈಗ ಹೊಸ ಬಿಡಿಭಾಗ ಸಿಗುವುದು ಕಷ್ಟ, ಹಳೆಯ ವಾಚಿನಿಂದ ಬಿಚ್ಚಿ ಹಾಕುತ್ತೇವೆ. ಆದ್ದರಿಂದ ಇರುವ ಚಾವಿ, ಇರುವ ಕಡ್ಡಿಯನ್ನು ಜೋಪಾನ ಮಾಡಬೇಕು.

ದಿನದ ರೂಢಿ ಸ್ವಲ್ಪ ಬದಲಿಸಿ. ಚಾವಿಯನ್ನು ಬೆಳಿಗ್ಗೆ ಕೈ ತೊಳೆದು, ವಾಚ್ ಕೈಗೆ ಕಟ್ಟುವ ಮೊದಲು ಕೊಡಿ. ಕಟ್ಟಿಕೊಂಡೇ ಕೊಟ್ಟರೆ ಬೆರಳು ಓರೆಯಾಗಿ ಎಳೆದು ಕಡ್ಡಿ ಪಕ್ಕಕ್ಕೆ ಬಾಗುತ್ತದೆ, ಕೊಳವೆ ಒಂದು ಕಡೆ ಸವೆಯುತ್ತದೆ. ಅಂಗಡಿಯಲ್ಲಿ, ಅದೂ ಕಾಯಿ ಮುಟ್ಟಿದ ಕೈಯಲ್ಲಿ, ಚಾವಿ ಮುಟ್ಟಲೇಬೇಡಿ. ಚೀಲ ಸುರಿಯುವ ಹೊತ್ತಿನಲ್ಲಿ ವಾಚನ್ನು ಬಿಚ್ಚಿ ಡ್ರಾವರಿನಲ್ಲಿ ಇಡಲು ಆದರೆ ಇನ್ನೂ ಒಳ್ಳೆಯದು. ರಾತ್ರಿ ಬಿಚ್ಚಿದಾಗ ಒಣ ಬ್ರಷ್ ನಾಲ್ಕು ಸಲ ಆಡಿಸಿ.

ಬ್ರಷ್ ಕೆಲಸದಿಂದ ಒಂದು ವಾರದಲ್ಲಿ ಹಗುರಾಗದಿದ್ದರೆ ಯಾರಾದರೂ ನಂಬಿಕೆಯ ರಿಪೇರಿಯವರ ಹತ್ತಿರ ಹೋಗಿ, ನಿಮ್ಮ ಹಾವೇರಿಯಲ್ಲಾದರೂ ಸರಿ, ಹುಬ್ಬಳ್ಳಿಗೆ ಬಂದರೂ ಸರಿ. ಹೋದಾಗ ಚಾವಿ ಬಿಗಿ ಅಂತ ಮಾತ್ರ ಹೇಳಬೇಡಿ, ಹಿಂದಕ್ಕೂ ಬಿಗಿ, ಮುಳ್ಳು ತಿರುಗಿಸಲೂ ಬಿಗಿ ಅಂತ ನನಗೆ ಹೇಳಿದ ಹಾಗೆಯೇ ಹೇಳಿ. ಅಷ್ಟರೊಳಗೆ ಅಕಸ್ಮಾತ್ ಕಡ್ಡಿ ಮುರಿದು ಚಾವಿ ಕೈಗೆ ಬಂದರೆ ಗಾಬರಿಯಾಗಬೇಡಿ, ಆ ಚಾವಿಯನ್ನು ಎಸೆಯಲೂ ಬೇಡಿ. ಒಳಗೆ ಸಿಕ್ಕಿಕೊಂಡ ಉಕ್ಕಿನ ತುಣುಕನ್ನು ತೆಗೆಯಲು ನಮ್ಮ ಹತ್ತಿರ ಹಳೆಯ ಉಪಾಯ ಇದೆ. ಕ್ಷೌರದ ಅಂಗಡಿಯಲ್ಲಿ ಗಡ್ಡ ಬೋಳಿಸಿದ ಮೇಲೆ ಉಜ್ಜುವ ಪಟಿಕ ಇದೆಯಲ್ಲ, ಅದನ್ನು ಬಿಸಿ ನೀರಿನಲ್ಲಿ ಕರಗುವಷ್ಟೂ ಕರಗಿಸಿ, ವಾಷರ್ ತೆಗೆದ ಚಾವಿಯನ್ನು ಅದರಲ್ಲಿ ಮುಳುಗಿಸಿ ಬೆಚ್ಚಗೆ ಇಟ್ಟರೆ ಉಕ್ಕು ನಿಧಾನವಾಗಿ ಕರಗಿಹೋಗುತ್ತದೆ, ಹಿತ್ತಾಳೆಗೆ ಏನೂ ಆಗುವುದಿಲ್ಲ. ಉಕ್ಕಿನ ಚಾವಿಗೆ ಈ ಉಪಾಯ ನಡೆಯದು, ಚಾವಿಯೂ ಕರಗುತ್ತದೆ. ಹಿತ್ತಾಳೆಯದಾದರೆ ಅದಕ್ಕೆ ಹೊಸ ಕಡ್ಡಿ ಹಾಕಿ ಅಪ್ಪ ತಿರುಗಿಸಿದ ಅದೇ ಚಾವಿಯನ್ನು ವಾಪಸ್ ಕೂರಿಸಬಹುದು. ಒಂದು ಸಣ್ಣ ಕಾಗದದಲ್ಲಿ ಸುತ್ತಿ ವಾಚಿನ ಜೊತೆಗೇ ತನ್ನಿ.